ಧರ್ಮಯೋಧನ ಸುಳ್ಳು

...ಸೊಟ್ಟಗಿದ್ದದ್ದು ಮಾಸ್ತರರ ಎಡಗೈಯ ಕಿರುಬೆರಳೇ ಇರಬೇಕು. ಮೊದಲು ಬಲಗೈ ಎಂದು ಬರೆದು ಹೊಡೆದುಹಾಕಿದೆ. ಉಗುರಿನ ಸುತ್ತ ಟೈಪ್‌ರೈಟರ್ ರಿಬ್ಬನ್ನಿನ ಮಸಿ ಕೂತು ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೆರಳಿನ ಬಗ್ಗೆಯೇ ಖಾತ್ರಿಯಿಲ್ಲದ ನಾನು ಅವರ ಮಾತಿನ ಬಗ್ಗೆ ಏನು ಹೇಳಲಿ? ಆದರೂ ಹುಮನಾಬಾದಿನ ನಮ್ಮ ಟೈಪಿಂಗ್ ಮಾಸ್ತರರು ಆ ಭಾನುವಾರ ಬಾಗಿಲಲ್ಲಿ ನಿಂತು ಸುಳ್ಳು ಹೇಳಿದರೋ ಇಲ್ಲವೋ ಎಂಬ ಪ್ರಶ್ನೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಅವರಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿಯುತ್ತಿದ್ದೆ. ತಪ್ಪು ಬಿದ್ದರೆ ಅದರ ಮೇಲೆ ಎಕ್ಸ್ ಹೊಡೆದು ಮುಚ್ಚಲು ಅವರು ಬಿಡುತ್ತಿರಲಿಲ್ಲ. "ತಪ್ಪ ಮುಚ್ಚಬ್ಯಾಡ. ಹಾಳಿ ತಗಿ, ಹೊಸಾದ್ ಹಾಕು" ಎನ್ನುವರು. ಹತ್ತನೇ ಸಲವೂ ಅದೇ ಮಾತು, ಅದೇ ದನಿ.

ಹೈದರಾಬಾದಿಗೆ ರಿಬ್ಬನ್ ತರಲು ಹೋದಾಗ ಹಳೆಯ ಪುಸ್ತಕಗಳ ರಾಶಿಯಲ್ಲಿ ಅವರಿಗೆ ಒಂದು ಪರದೇಶದ ಆಟದ ನಿಯಮಗಳ ಪುಸ್ತಕ ಸಿಕ್ಕಿತ್ತು. ಆ ಆಟಕ್ಕೆ ಹಾಸಿಲ್ಲ, ಕಾಯಿಲ್ಲ. ಒಬ್ಬರು ಕಥೆ ಹೇಳುತ್ತ ನ್ಯಾಯ ತೀರಿಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡುತ್ತದೋ ಇಲ್ಲವೋ ದಾಳ ನಿರ್ಧರಿಸುತ್ತದೆ. ಪುಸ್ತಕ ಕೇಳುವ ಇಪ್ಪತ್ತು ಮುಖದ ದಾಳ ಹುಮನಾಬಾದಿನಲ್ಲಿ ಎಲ್ಲಿಂದ ಬರಬೇಕು? ಮಾಸ್ತರರು ಕೆಟ್ಟ ಯಂತ್ರವೊಂದರ ಗುಂಡಿಗಳನ್ನು ಕಿತ್ತು, ನಂಬರು ಅಂಟಿಸಿ, ರಿಬ್ಬನ್ ಡಬ್ಬಿಯಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತುತ್ತಿದ್ದರು. ಭಾನುವಾರ ಮಧ್ಯಾಹ್ನ ಆಡುವವರು ಇಬ್ಬರು: ನಾನು, ಮತ್ತು ಹುಮನಾಬಾದಿನ ಚಿಕ್ಕಮ್ಮನ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದ ಮಂಠಾಳದ ಹುಡುಗಿ.

ನನ್ನದು ಧರ್ಮಯೋಧನ ಪಾತ್ರ. ಮುಟ್ಟಿದರೆ ಗಾಯ ಮಾಯುವ ಕೈ ಅವನದು. ಸುಳ್ಳು ಹೇಳಿದರೆ ಆ ಶಕ್ತಿ ಹೋಗುತ್ತದೆ. ಒಂದು ಭಾನುವಾರ ಕಥೆಯಲ್ಲಿ ಒಬ್ಬ ಮುದುಕಿಯನ್ನು ಹಗೇವಿನೊಳಗೆ, ಕಾಳು ತುಂಬುವ ಆ ನೆಲದ ಗುಂಡಿಯಲ್ಲಿ, ಅಡಗಿಸಿದೆ. ಅವಳನ್ನು ಕೊಲ್ಲಲು ಬಂದವರು ಕೇಳಿದಾಗ "ಇಲ್ಲಿ ಯಾರೂ ಇಲ್ಲ" ಅಂದೆ.

ಮಾಸ್ತರರು ಡಬ್ಬಿ ಕೆಳಗಿಟ್ಟರು. "ಸುಳ್ಳ ಹೇಳಿದಿ."

"ಜೀವಾ ಉಳಸ್ಲಾಕ್ರಿ!"

"ಹೌದು. ಅದಕ್ಕ ಮಾಫಿ ಅದನೋ ಇಲ್ಲೋ ಅಂತ ಮುಂದಿನ ಹಾಳ್ಯಾಗ ಇರಬೇಕು. ಆ ಹಾಳಿ ಹರದದ. ನಾ ಅಂದಾಜ್ ಮ್ಯಾಲ ಫೈಸಲಾ ಮಾಡಂಗಿಲ್ಲ. ಪುಸ್ತಕ ಛಾಪಿಸಿದ ಕಂಪನಿಗಿ ಬರದು ಕೇಳ್ತೀನಿ. ಜವಾಬು ಬರೋತನಕ ನಿನ್ನ ಕೈಗುಣ ಬಂದ್."

"ಆತನಕ ನಂಗ ಗಾಯ ಆದ್ರ ಯಾನ್ ಮಾಡಬೇಕ್ರಿ ಮಾಸ್ತರ?" ಎಂದಳು ಹುಡುಗಿ.

"ಸರಕಾರಿ ದವಾಖಾನಿಗಿ ಹೋಗವ್ವ."

ಪುಸ್ತಕದ ಹಿಂದೆ ಇದ್ದ ವಿಳಾಸಕ್ಕೆ ನಿಜವಾಗಿಯೂ ಏರ್‌ಮೇಲ್ ಹೋಯಿತು. ತಿಂಗಳುಗಳು ಕಳೆದವು. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಮಾಸ್ತರರ ಕತ್ತು ಮೇಲೇಳುತ್ತಿತ್ತು, ನನ್ನದೂ. ನಗಬೇಡಿ. ಇಲ್ಲದ ಒಬ್ಬನ ಇಲ್ಲದ ಕೈಗಾಗಿ ನಾನು ನಿಜವಾಗಿಯೂ ಚಡಪಡಿಸಿದೆ.

ಅಷ್ಟರಲ್ಲಿ ಟೈಪಿಂಗ್ ಪರೀಕ್ಷೆ ಬಂತು. ಹುಡುಗಿಗೆ ಮನೆಯಲ್ಲಿ ಗಂಡು ಗೊತ್ತುಮಾಡಿದ್ದರು. ಪರೀಕ್ಷೆಗೆ ಮೊದಲೇ ಕರೆದೊಯ್ಯಲು ಅಣ್ಣ ಬರುವವನಿದ್ದ. "ಅವನ ಕೈಗಿ ಸಿಕ್ಕೆ ಅಂದ್ರ ಮುಗೀತ್ರಿ. ಪರೀಕ್ಷಾನೂ ಇಲ್ಲ, ನೌಕರೀನೂ ಇಲ್ಲ" ಎಂದಿದ್ದಳು. ಪರೀಕ್ಷೆಯ ಹಿಂದಿನ ದಿನ, ಭಾನುವಾರ, ನಾವು ಅಭ್ಯಾಸಕ್ಕೆ ಕೂತಿದ್ದಾಗ ಕಿಟಕಿಯಲ್ಲಿ ಅವನನ್ನು ಕಂಡು ಅವಳು ಸ್ಟೆನ್ಸಿಲ್ ಹಾಳೆ ಇಡುವ ಒಳಕೋಣೆಗೆ ಓಡಿದಳು. ಮಾಸ್ತರರು ಎದ್ದು ಬಾಗಿಲಿಗೆ ಹೋದರು.

"ನಮ್ಮ ತಂಗಿ ಬಂದಾಳೇನ್ರಿ?" ಅಣ್ಣನ ಈ ಮಾತು ನನಗೆ ಕೇಳಿಸಿತು. ಅದೇ ಹೊತ್ತಿಗೆ ಒಳಗಿನಿಂದ ಕಾಲ್ಗೆಜ್ಜೆಯ ಸದ್ದೂ ಬಂತು. ಗಾಬರಿಯಲ್ಲಿ ನಾನು ಯಂತ್ರವನ್ನು ಜೋರಾಗಿ ಕುಟ್ಟತೊಡಗಿದೆ, ಗೆಜ್ಜೆ ಕೇಳದಿರಲಿ ಎಂದು. ಗೆಜ್ಜೆ ಕೇಳಲಿಲ್ಲ. ಮಾಸ್ತರರ ಉತ್ತರವೂ ಕೇಳಲಿಲ್ಲ. ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಮತ್ತು ಚೌಕಟ್ಟು ಹಿಡಿದ ಕೈ.

ಅಣ್ಣ ಹೊರಟುಹೋದ. ಮಾಸ್ತರರು ಒಳಬಂದು ನನ್ನ ಹಾಳೆ ನೋಡಿದರು. "ಎಂಟು ತಪ್ಪ ಅವ" ಎಂದರು. ಅಷ್ಟೇ.

ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು, ಬೀದರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದಳು. ಅಂದು ಮಾಸ್ತರರು ಬಾಗಿಲಲ್ಲಿ ಏನಂದರು ಎಂದು ಎಷ್ಟೋ ಕಾಲದ ನಂತರ ಕೇಳಿದರೆ, "ನಂಗೇನ್ ಗೊತ್ತೋ ಮಾರಾಯ, ಎರಡೂ ಕಿವಿ ಗಟ್ಟಿ ಮುಚ್ಚಕೊಂಡ್ ಕುಂತಿದ್ದೆ" ಎಂದು ನಕ್ಕಳು.

ಆ ಪರೀಕ್ಷೆಯ ಮುಂದಿನ ಭಾನುವಾರ ಮಾಸ್ತರರು ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಗುಂಡಿಗಳ ಡಬ್ಬಿಯನ್ನು ಅವಳ ಮುಂದೆ ಸರಿಸಿದರು. "ಇನ್ನ ಮ್ಯಾಲ ಫೈಸಲಾ ನೀ ಮಾಡವ್ವ. ನಂಗೊಂದು ಕಳ್ಳನ ಪಾತ್ರ ಕೊಡು."

ಅವಳು ಕೂಡಲೇ ನನ್ನ ಧರ್ಮಯೋಧನಿಗೆ ಕೈಗುಣ ಮರಳಿಸಿದಳು. ಮಾಸ್ತರರು ತಕರಾರು ಮಾಡಲಿಲ್ಲ. ಅವರು ಸುಳ್ಳು ಹೇಳಿದ್ದಕ್ಕೆ ಇದನ್ನೇ ಸಾಕ್ಷಿ ಎಂದುಕೊಂಡರೆ ಕಥೆ ಸಲೀಸಾಗಿ ಮುಗಿಯುತ್ತದೆ. ಅದಕ್ಕೇ ನನಗೆ ಅನುಮಾನ. ನ್ಯಾಯ ಹೇಳಿ ಹೇಳಿ ಬೇಸತ್ತಿರಬಹುದು. ಅಣ್ಣನಿಗೆ ನಿಜವನ್ನೇ ಹೇಳಿ, ಒಂದು ದಿನ ಬಿಡಪ್ಪ ಎಂದು ಬೇಡಿಕೊಂಡಿರಲೂಬಹುದು. ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದರೆ ಅವರು ನಿಜವನ್ನೇ ಹೇಳುತ್ತಿದ್ದರು ಎಂಬ ಭಯ.

ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. ಕಂಪನಿಯ ಜವಾಬು ಬಂದಿರಲಿಲ್ಲ. "ನಿಮ್ಮ ಆಟದ್ದು ಯಾನೋ ಇದರಾಗ ಅದ, ಒಯ್ಯಪ್ಪ" ಎಂದು ಅವರ ಹೆಂಡತಿ ಕಾರ್ಬನ್ ಪ್ರತಿಗಳ ಕಡತ ಕೊಟ್ಟರು. ಮೊದಲ ಪತ್ರದಲ್ಲಿ ನನ್ನ ಪ್ರಶ್ನೆ, ಒಂದೂ ತಪ್ಪಿಲ್ಲದೆ. ಅದರ ಕೆಳಗೆ ನಾನರಿಯದ ಎರಡನೆಯ ಪತ್ರ, ಪರೀಕ್ಷೆ ಮುಗಿದ ವಾರದ್ದು. "ಧರ್ಮಯೋಧನ ಬಗ್ಗೆ ಇನ್ನೊಂದು ಪ್ರಶ್ನೆ ಇದೆ" ಎಂದು ಇಂಗ್ಲಿಷಿನಲ್ಲಿ ಆರಂಭ. ಮುಂದಿನ ಸಾಲಿನ ತುಂಬ, ಈ ತುದಿಯಿಂದ ಆ ತುದಿಯವರೆಗೆ, ಎಕ್ಸ್. ಹಾಳೆ ತೆಗೆದಿರಲಿಲ್ಲ, ಹೊಸದು ಹಾಕಿರಲಿಲ್ಲ.

ಬೆಳಕಿಗೆ ಹಿಡಿದು ನೋಡಿದ್ದೇನೆ, ಹಿಂದಿನಿಂದ ಬೆರಳಾಡಿಸಿ ನೋಡಿದ್ದೇನೆ. ಅಡಿಯ ಅಕ್ಷರಗಳು ಸಿಗುವುದಿಲ್ಲ. ಮೂಲ ಪ್ರತಿ ಅಂಚೆಗೆ ಹೋಯಿತೋ ಇಲ್ಲವೋ ತಿಳಿಯದು. ಆ ಸಾಲಿನಲ್ಲಿ ಅವರು ಏನು ಕೇಳಿದ್ದರೋ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಏನು ಹೇಳಿದರೋ, ಅದೂ ಗೊತ್ತಿಲ್ಲ.