ಸೈರನ್‌ಗೆ ಹೆದರದ ಮಗು

ಮಗಳಿಗೆ ಮೂರು ತಿಂಗಳಾಗಿದ್ದಾಗಿನ ಮಾತು. ಒಂದು ಮಧ್ಯಾಹ್ನ ಅವಳನ್ನು ಹೆಗಲಿಗೆ ಹಾಕಿಕೊಂಡು ಭದ್ರಾವತಿಯ ನಮ್ಮ ಮನೆಯ ಅಂಗಳದಲ್ಲಿ ಅಡ್ಡಾಡುತ್ತಿದ್ದೆ. ಕಾರ್ಖಾನೆಯ ಸೈರನ್ ಕೂಗಿತು. ನಮ್ಮ ಮನೆಗೂ ಕಾರ್ಖಾನೆಯ ಗೇಟಿಗೂ ಎರಡೇ ಬೀದಿ ದೂರ. ಸೈರನ್ನಿಗೆ ಹೊಸಬರಾದ ನೆಂಟರು ಕಾಫಿ ಚೆಲ್ಲಿಕೊಂಡದ್ದುಂಟು. ಮಗಳು ಮಾತ್ರ ಕದಲಲಿಲ್ಲ. ನನ್ನ ಅಂಗಿಯ ಕಾಲರನ್ನು ಚೀಪುತ್ತಾ ಆರಾಮಾಗಿದ್ದಳು.

"ನನ್ನ ಮಗಳು ಇವಳು. ಹೆದರೋ ಪೈಕಿ ಅಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

ನಮ್ಮ ಬೀದಿಯ ರೂಢಿ ಗೊತ್ತಿಲ್ಲದವರಿಗೆ ಇದರಲ್ಲೇನು ಹೆಚ್ಚುಗಾರಿಕೆ ಎನಿಸಬಹುದು. ಅಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಮೊದಲು ಸೈರನ್ ಕೇಳಿ ಚೀರುತ್ತವೆ, ಆಮೇಲೆ ಒಂದು ದಿನ ಚೀರುವುದನ್ನು ಬಿಡುತ್ತವೆ. ಮಗು ಬೋರಲು ಬಿದ್ದರೆ, ಹಲ್ಲು ಬಂದರೆ, ಹೊಸ್ತಿಲು ದಾಟಿದರೆ ಎಲ್ಲರ ಮನೆಯಲ್ಲೂ ಏನಾದರೂ ಸಿಹಿ ಮಾಡುತ್ತಾರೆ. ನಮ್ಮ ಬೀದಿಯವರು ಸೈರನ್‌ಗೆ ಅಳದ ದಿನವೂ ಹುರಿಗಡಲೆ, ಬೆಲ್ಲ ಹಂಚುತ್ತಾರೆ. ನಾನು ಅಳು ಬಿಡಲು ಎಂಟು ತಿಂಗಳು ತೆಗೆದುಕೊಂಡಿದ್ದೆನಂತೆ. ಮೊಮ್ಮಗಳು ಮೂರೇ ತಿಂಗಳಿಗೆ ಗೆದ್ದಳೆಂದು ಅಮ್ಮ ಸಂಜೆಯೇ ಕಡಲೆ-ಬೆಲ್ಲ ಹಂಚಿಬಂದಳು. ಅದೇ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಪ್ಪ, ಇವಳು ಫೋರ್‌ಮನ್ ಆಗುವುದು ಖಂಡಿತ ಎಂದು ಮೀಸೆ ತಿರುವಿದರು. ಈ ಮಗು ಮೊದಲಾದರೂ ಒಂದು ಸಲ ಅತ್ತಿತ್ತೇ ಎಂದು ಮಾತ್ರ ನಮ್ಮಲ್ಲಿ ಯಾರೂ ಕೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮಗೆ ಮುದ್ದಿನ ಜೊತೆ ಜಂಬವೂ ಸೇರಿಕೊಂಡಿತ್ತು.

ಕೇಳಿದವಳು ನನ್ನ ಹೆಂಡತಿ, ಅದೂ ಆರನೇ ತಿಂಗಳಲ್ಲಿ. ಅದೇ ವಾರ ಅವಳಿಗೆ ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸದ ಆರ್ಡರ್ ಬಂದಿತ್ತು. ಬಸುರಿಯಾಗಿದ್ದಾಗ ಓದಿ ಬರೆದ ಪರೀಕ್ಷೆ ಅದು. ಮುಕ್ಕಾಲು ಗಂಟೆ ಬಸ್ಸಿನ ದಾರಿಗೆ ಮನೆ ಬದಲಿಸುವುದೇ ಎಂದು ಎಲ್ಲರೂ ಕೇಳಿದರು. ಹಾಲು ಕುಡಿಯುವ ಮಗು, ಮಧ್ಯಾಹ್ನ ಒಮ್ಮೆ ಮನೆಗೆ ಬಂದುಹೋಗಬೇಕು ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ನಾನು ಕೆಲಸ ಮಾಡುವ ಲೇತ್ ವರ್ಕ್‌ಶಾಪಿನಲ್ಲಿ "ಹೆಂಡ್ತಿ ಹಿಂದೆ ಗಂಟುಮೂಟೆ ಕಟ್ಟಿದ್ಯಾ ಮಾರಾಯ?" ಎಂದು ಒಬ್ಬರಾದ ಮೇಲೊಬ್ಬರು ಚುಚ್ಚುತ್ತಿದ್ದರು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

ಅಂಥ ಒಂದು ಸಂಜೆ ಅವಳು ಮಗುವಿನ ಬಟ್ಟೆ ಮಡಿಸುತ್ತಾ ಮೆಲ್ಲಗೆ ಶುರು ಮಾಡಿದಳು. ಹಿಂದಿನಿಂದ ಕರೆದರೆ ಮಗು ತಿರುಗುವುದಿಲ್ಲ, ಮೊದಲು ತನ್ನಷ್ಟಕ್ಕೆ ಅಗು ಅಗು ಎನ್ನುತ್ತಿದ್ದದ್ದು ಈಗ ಕಡಿಮೆಯಾಗಿದೆ, ಒಮ್ಮೆ ತೋರಿಸೋಣ ಎಂದಳು. ನಾನು ಅವಳ ಮುಖ ನೋಡದೆಯೇ ಹೇಳಿದೆ.

"ಆರ್ಡರ್ ಬಂದಿದ್ದೇ ಬಂದಿದ್ದು, ಡಾಕ್ಟರೂ ಆಗ್ಬಿಟ್ಯಾ? ಇನ್ನೊಂದ್ಸಲ ನನ್ನ ಮಗಳನ್ನ ಕಿವುಡಿ ಅಂದ್ರೆ ನೋಡು."

ಅವಳು ಆ ಪದವನ್ನು ಆಡಿಯೇ ಇರಲಿಲ್ಲ. ಆಡಿದವನು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಬಟ್ಟೆ ಮಡಿಸಿ ಮುಗಿಸಿ ಎದ್ದು ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಎಂಟನೇ ತಿಂಗಳಿಗೆ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ ಹಿಡಿದು ಬಂದೆವು. ಮಗುವನ್ನು ನೋಡಿಕೊಳ್ಳಲು ಅಮ್ಮ ಜೊತೆಗೆ ಬಂದಳು, ಅಪ್ಪ ಹಳೆಯ ಮನೆಯಲ್ಲೇ ಉಳಿದರು. ನಾನು ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಬರುತ್ತಿದ್ದೆ. ಹೊಸ ಮನೆಯಲ್ಲೇ ಮಗಳು ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳು, ಅಮ್ಮ ಹೋಳಿಗೆ ಮಾಡಿದಳು. ನನ್ನ ಪಾಲಿನ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟೆ. ಯಾಕೆಂದರೆ ಅಷ್ಟರಲ್ಲಿ ನಾನೂ ಕಳ್ಳತನದಲ್ಲಿ ಪರೀಕ್ಷೆ ಶುರುಮಾಡಿದ್ದೆ. ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ, ಅಮ್ಮ ಅಡುಗೆಮನೆಯಲ್ಲಿದ್ದಾಗ ಮಗಳ ಬೆನ್ನ ಹಿಂದೆ ಚಪ್ಪಾಳೆ ತಟ್ಟುವುದು, ಬೀಗದ ಕೈ ಅಲ್ಲಾಡಿಸುವುದು. ತಿರುಗುತ್ತಿರಲಿಲ್ಲ. ಬಾಗಿಲು ದಡಾರನೆ ಹಾಕಿದರೆ ತಿರುಗುತ್ತಿದ್ದಳು. ನೋಡು, ಕೇಳುತ್ತದೆ ಎಂದು ಜೀವ ಬಂದ ಹಾಗಾಗುತ್ತಿತ್ತು. ನಾನು ಹದಿನಾಲ್ಕು ವರ್ಷದಿಂದ ಲೇತ್ ಮೆಷಿನ್ ಮುಂದೆ ನಿಂತವನು. ಕಿವಿ ಮುಚ್ಚಿಕೊಂಡರೂ ಮೆಷಿನ್ ಓಡುತ್ತಿರುವುದು ಪಾದಕ್ಕೆ ತಿಳಿಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಗಿಲು ಬಡಿದಾಗ ಅವಳಿಗೆ ತಿಳಿಯುತ್ತಿದ್ದದ್ದು ನೆಲದ ನಡುಕ. ಗೊತ್ತಿದ್ದೂ ದಿನಾ ಬಾಗಿಲು ಬಡಿಯುತ್ತಿದ್ದೆ.

ಒಂಬತ್ತನೇ ತಿಂಗಳಲ್ಲಿ ಕಿವಿ ಚುಚ್ಚಿಸಬೇಕೆಂದು ಅಮ್ಮ ಹಟ ಹಿಡಿದಳು. ಬೆಸ ತಿಂಗಳು, ಸೋದರಮಾವನ ತೊಡೆಯ ಮೇಲೆ ಕೂರಿಸಿ ಆಗಬೇಕು. ಹೆಂಡತಿಯ ತಮ್ಮ ಆಯನೂರಿನಿಂದ ಬಂದ. ಎಲ್ಲರೂ ಗಾಂಧಿ ಬಜಾರಿನ ಹತ್ತಿರದ ಒಬ್ಬ ವಯಸ್ಸಾದ ಅಕ್ಕಸಾಲಿಯ ಅಂಗಡಿಗೆ ಹೋದೆವು. ಅವರದೊಂದು ಉಪಾಯವಿತ್ತು. ಒಂದು ಕೈಯಲ್ಲಿ ಚಿನ್ನದ ತಂತಿ ಸಿದ್ಧವಾಗಿ ಹಿಡಿದು, ಇನ್ನೊಂದು ಕೈಯಿಂದ ಮಗುವಿನ ಎಡಗಡೆ, ಕಣ್ಣಿಗೆ ಬೀಳದ ಹಾಗೆ, ಕಂಚಿನ ಬಟ್ಟಲನ್ನು ಕಡ್ಡಿಯಿಂದ ಟಣ್ ಎಂದು ಬಡಿಯುತ್ತಿದ್ದರು. ಮಗು ಸದ್ದಿನ ಕಡೆ ತಿರುಗುವುದು, ಬಲಗಿವಿ ಅವರ ಮುಂದೆ ಬರುವುದು, ಕೆಲಸ ಮುಗಿಯುವುದು. ನಮಗಿಂತ ಮೊದಲು ಬಂದಿದ್ದ ಮಗುವಿಗೆ ಹಾಗೆಯೇ ಮಾಡಿದ್ದನ್ನು ಕಂಡಿದ್ದೆವು.

ಬಟ್ಟಲು ಬಡಿದರು. ಮಗಳು ತಿರುಗಲಿಲ್ಲ. ಮಾವನ ಅಂಗಿಯ ಗುಂಡಿಯನ್ನೇ ನೋಡುತ್ತಿದ್ದಳು. ಇನ್ನೊಮ್ಮೆ, ಜೋರಾಗಿ ಬಡಿದರು. ಎದುರಿನ ಬಟ್ಟೆ ಅಂಗಡಿಯವನು ಇತ್ತ ನೋಡಿದ. ಹೆಂಡತಿಯೂ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅಕ್ಕಸಾಲಿ ತಂತಿಯನ್ನು ತಟ್ಟೆಗಿಟ್ಟು, ಅಮ್ಮನಿಗೆ ಕೇಳಿಸದ ಹಾಗೆ ನನ್ನ ಹತ್ತಿರ ಬಗ್ಗಿ ಹೇಳಿದರು.

"ಚುಚ್ಚೋದು ಯಾವಾಗ್ಲಾದ್ರೂ ಆಗುತ್ತೆ ಸ್ವಾಮಿ. ಮೊದ್ಲು ಮಗೂನ ಕಿವಿ ಡಾಕ್ಟರಿಗೆ ತೋರಿಸಿ."

ಕಿವಿಯ ಡಾಕ್ಟರಮ್ಮ ಹೇಳಿದ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಔಷಧಿ ಕುಡಿಸಿ ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿದರು. ಮೆಷಿನ್ನಿನ ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು. ಯಾವ ಗೆರೆ ಏಳಬೇಕು ಎಂಬುದು ನನಗೆ ತಿಳಿಯದು, ಆದರೂ ಏಳು, ಏಳು ಎಂದು ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಹೇಳುತ್ತಿದ್ದೆ. ಎರಡೂ ಕಿವಿಗೆ ತೀರಾ ಕಡಿಮೆ ಕೇಳಿಸುತ್ತದೆ ಎಂದರು ಡಾಕ್ಟರಮ್ಮ. ಶ್ರವಣಯಂತ್ರ ಹಾಕಿ ಮೂರು ತಿಂಗಳು ನೋಡೋಣ, ಸದ್ದಿಗೆ ಸ್ಪಂದಿಸಿದರೆ ಸರಿ, ಇಲ್ಲವಾದರೆ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನಿಗೆ ದೊಡ್ಡ ಆಸ್ಪತ್ರೆಗೆ ಬರೆಯಬೇಕಾಗುತ್ತದೆ, ಮಾತು ಕಲಿಯುವ ಮಕ್ಕಳಿಗೆ ಒಂದೊಂದು ತಿಂಗಳೂ ಮುಖ್ಯ ಎಂದರು. ಆಮೇಲೆ ಫೈಲಿನಿಂದ ತಲೆಯೆತ್ತಿ ಕೇಳಿದರು.

"ಇಷ್ಟು ದಿನ ಮನೇಲಿ ಯಾರೂ ಗಮನಿಸ್ಲಿಲ್ವಾ?"

ಹೆಂಡತಿ ಮಗುವಿನ ಹಣೆಯ ಅಂಟು ಒರೆಸುತ್ತಿದ್ದಳು. ಒಂದು ಮಾತು ಅವಳ ಬಾಯಲ್ಲಿತ್ತು, ಆಡಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಅವಳು ಆಡಲಿಲ್ಲ, ಒರೆಸುತ್ತಲೇ ಇದ್ದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಇವಳು ಗಮನಿಸಿದ್ಲು ಮೇಡಂ. ಮೂರು ತಿಂಗಳ ಹಿಂದೇನೇ. ನಾನೇ ಬಾಯಿ ಮುಚ್ಚಿಸ್ದೆ" ಎಂದೆ.

ಯಂತ್ರ ಬಂತು. ಕಡಲೆಬೀಜದ ಗಾತ್ರದ ಎರಡು ಯಂತ್ರಗಳು. ಮಗಳು ಅವನ್ನು ಕಿತ್ತು ಎಸೆಯುವುದು, ನಾವು ಮಂಚದ ಕೆಳಗೆ ಹುಡುಕುವುದು, ಇದೇ ಸಂಸಾರವಾಯಿತು. ಒಂದು ಸಲ ಅದು ನನ್ನ ಶೂ ಒಳಗೆ ಸಿಕ್ಕಿತು. ಬೆಳಿಗ್ಗೆ, ಸಂಜೆ ಹೆಂಡತಿ ಮಗುವಿನ ಹಿಂದೆ ಕೂತು ಡಬ್ಬ ಬಡಿಯುತ್ತಿದ್ದಳು, ನಾನು ಮುಂದೆ ಕೂತು ಕಣ್ಣು ನೋಡುತ್ತಿದ್ದೆ. ಮೊದಲ ವಾರ ಏನೂ ಇಲ್ಲ. ಎರಡನೇ ವಾರವೂ ಇಲ್ಲ. ಐದನೇ ವಾರಕ್ಕೆ, ಈಗ ರೆಪ್ಪೆ ಮಿಟುಕಿಸಿದಳಲ್ಲವೇ ಎಂದು ನಾನು, ನೊಣ ಕೂತಿತ್ತು ಎಂದು ಅವಳು. ವರ್ಕ್‌ಶಾಪಿನಲ್ಲಿ ನನ್ನ ಕೈ ತಪ್ಪತೊಡಗಿತು. ಕಬ್ಬಿಣ ಕಡೆಯುವ ಟೂಲ್ ಸವೆದಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುವವನೆಂದು ಹೆಸರು ಪಡೆದವನು ನಾನು. ನನ್ನ ಎರಡು ಕಿವಿಯಲ್ಲಿ ಒಂದನ್ನು ಅವಳಿಗೆ ಕೊಡುವ ಹಾಗಿದ್ದರೆ ಎಂದು ಮೆಷಿನ್ ಮುಂದೆ ನಿಂತು ಅತ್ತಿದ್ದೇನೆ.

ಏಳನೇ ವಾರ ಹುಟ್ಟುಹಬ್ಬ ಬಂತು. ಮೊದಲ ಹುಟ್ಟುಹಬ್ಬ ಭದ್ರಾವತಿಯಲ್ಲೇ ಆಗಲಿ ಎಂದರು ಅಪ್ಪ. ಬೆಳಿಗ್ಗೆ ಹೊರಡುವ ಮೊದಲು ಹೆಂಡತಿ ಎರಡೂ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿದಳು. ಹಳೆಯದಕ್ಕೆ ಇನ್ನೂ ಎರಡು ದಿನ ಬಾಳಿಕೆಯಿತ್ತು. ನಾನು ಕಂಡೂ ಯಾಕೆಂದು ಕೇಳಲಿಲ್ಲ.

ಆರತಿ ಆಯಿತು, ಪಾಯಸ ಆಯಿತು. ಮಧ್ಯಾಹ್ನದ ಸೈರನ್ನಿಗೆ ಸ್ವಲ್ಪ ಹೊತ್ತಿರುವಾಗ ಹೆಂಡತಿ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಬಂದಳು. ಅವಳ ಹಿಂದೆ ನಾನು. ಬಟ್ಟೆ ಒಣಗಿದೆಯೇ ನೋಡುತ್ತೇನೆ ಎಂದು ಅಮ್ಮನೂ ಬಂದಳು, ತಂತಿಯ ಮೇಲೆ ಬಟ್ಟೆಯೇ ಇರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು, ಮತ್ತೊಮ್ಮೆ ನೋಡಿದರು. ಮಗಳು ತಾಯಿಯ ಬಳೆ ಎಳೆಯುತ್ತಿದ್ದಳು.

ಸೈರನ್ ಕೂಗಿತು.

ಬಳೆ ಎಳೆಯುತ್ತಿದ್ದ ಕೈ ನಿಂತಿತು. ಮೈಯೆಲ್ಲ ಬೆಚ್ಚಿಬಿತ್ತು. ಕಣ್ಣು ಇಷ್ಟಗಲವಾಗಿ, ಕೆಳದುಟಿ ಮಡಿಚಿಕೊಂಡು, ಅದುವರೆಗೆ ನಾವು ಯಾರೂ ಕೇಳಿರದಷ್ಟು ಜೋರಾಗಿ ಚೀರಿದಳು.

ಹೆಂಡತಿ ಅವಳನ್ನು ನನ್ನ ಕೈಗೆ ದಾಟಿಸಿದಳು. "ತಗೊಳ್ಳಿ, ನಿಮ್ಮ ಮಗಳು ಹೆದರ್ಕೊಂಡಿದಾಳೆ" ಎಂದಳು. ಆರು ತಿಂಗಳ ಹಿಂದೆ ಬಟ್ಟೆ ಮಡಿಸಿ ಎದ್ದು ಹೋದವಳು ಅಂದು ಮೊದಲ ಸಲ ನನ್ನ ಹೆಗಲಿಗೆ ಹಣೆಯಿಟ್ಟಳು.

ಮಗು ಹೆದರಿದರೆ ಕಿವಿ ಮುಚ್ಚಿ ಎದೆಗೊತ್ತಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ನನ್ನ ಅಂಗೈಯೂ ಅವಳ ಕಿವಿಯವರೆಗೆ ಹೋಯಿತು. ಅಲ್ಲಿಂದ ಕೈ ವಾಪಸ್ ತೆಗೆದೆ. ಸೈರನ್ ನಿಲ್ಲುವವರೆಗೂ ಅವಳು ಅಳುತ್ತಿದ್ದಳು, ನಾನು ಬೆನ್ನು ಸವರುತ್ತಾ ನಿಂತಿದ್ದೆ.

ಅಮ್ಮ ಒಳಗೆ ಹೋಗಿ ಒಂದು ತಟ್ಟೆ ತುಂಬ ಹುರಿಗಡಲೆ, ಬೆಲ್ಲ ಹಾಕಿಕೊಂಡು ಬಂದಳು. ಅದನ್ನು ಅವಳ ಕೈಯಿಂದ ಇಸಿದುಕೊಂಡು ನಾನೇ ಬೀದಿಗಿಳಿದೆ, ಹೆಗಲ ಮೇಲೆ ಮಗಳು ಇನ್ನೂ ಬಿಕ್ಕುತ್ತಿದ್ದಳು. ಪಕ್ಕದ ಮನೆಯ ತಮಿಳು ಅಜ್ಜಿ ಬಾಗಿಲಿಗೆ ಬಂದು, ಈ ಮಗುವಿನದು ಆಗಲೇ ಹಂಚಿ ಆಗಿತ್ತಲ್ಲ, ಇದು ಯಾಕೆ ಎಂದು ಕೇಳಿದಳು.

"ನನ್ನ ಮಗಳು ಸೈರನ್‌ಗೆ ಹೆದರಿದ್ಲು ಅಜ್ಜಿ, ಅದಕ್ಕೆ" ಎಂದೆ, ಬೀದಿಗೆಲ್ಲ ಕೇಳುವ ಹಾಗೆ.