ಸತತ ಎರಡು ಶನಿವಾರ

ನಾನು ಮೈಸೂರಿನಲ್ಲಿ ಬಿ.ಎ., ಆಮೇಲೆ ಶಿಕ್ಷಕರ ತರಬೇತಿಯ ಬಿ.ಟಿ. ಮುಗಿಸಿ ಬಂದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಪೊನ್ನಂಪೇಟೆಯಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ, ಎಸ್ಟೇಟುಗಳ ನಡುವಿನ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆ ಇದ್ದದ್ದು ಎಂಟನೆಯ ತರಗತಿಯವರೆಗೆ. ಎಂಟನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಹಿಂದಿನ ವರ್ಷ ಕೂತ ಮಕ್ಕಳಲ್ಲಿ ಹೆಚ್ಚಿನವರು ಫೇಲಾಗಿದ್ದರು. ಇನ್ನೊಂದು ಸಲ ಹಾಗಾದರೆ ಆ ತರಗತಿಯನ್ನೇ ಮುಚ್ಚಬೇಕಾದೀತು ಎಂದು ಇನ್‌ಸ್ಪೆಕ್ಟರು ಬರೆದಿಟ್ಟು ಹೋಗಿದ್ದರು.

ಹೆಡ್‌ಮಾಸ್ಟರು ಮೈಸೂರು ಕಡೆಯಿಂದ ಬಂದವರು. ಕೆಟ್ಟವರಲ್ಲ. ಮೊದಲ ದಿನವೇ ನನ್ನನ್ನು ಕರೆದು, "ಬಿ.ಟಿ. ಓದಿ ಬಂದಿದ್ದೀರಿ. ನಮ್ಮ ಹತ್ತಿರ ಇಲ್ಲದ ಔಷಧಿ ಏನಾದರೂ ನಿಮ್ಮ ಹತ್ತಿರ ಇರಬೇಕಲ್ಲಮ್ಮಾ?" ಎಂದರು.

ಇತ್ತು. ಹಾಗೆಂದು ನಾನು ನಂಬಿದ್ದೆ. ಒಂದು ವಾರ ಕೂತು ಬರೆದು ಅವರ ಮೇಜಿನ ಮೇಲೆ ಇಟ್ಟೆ. ಎಂಟನೆಯ ತರಗತಿಯ ಮಕ್ಕಳನ್ನು ಮೂರು ಹಂತವಾಗಿ ನೋಡುವುದು. ತರಗತಿಯ ಪಾಠವೇ ಸಾಕಾಗುವವರು ಮೊದಲನೆಯ ಹಂತ. ಸ್ವಲ್ಪ ಕೈಹಿಡಿಯಬೇಕಾದವರು ಎರಡನೆಯದು. ಅವರಿಗೆ ಬೆಳಗಿನ ಗಂಟೆಗೆ ಮೊದಲು ಅರ್ಧ ಗಂಟೆ, ಆರೇಳು ಮಂದಿಯ ಗುಂಪಿನಲ್ಲಿ ಪಾಠ. ತೀರಾ ಹಿಂದೆ ಬಿದ್ದವರು ಮೂರನೆಯದು. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸುವುದು. ಯಾರೂ ಒಂದು ಹಂತದಲ್ಲೇ ಕೊಳೆಯಬಾರದೆಂದು ಪ್ರತಿ ಶನಿವಾರ ಬೆಳಿಗ್ಗೆ ಒಂದು ಸಣ್ಣ ಪರೀಕ್ಷೆ. ಸತತವಾಗಿ ಎರಡು ಶನಿವಾರ ಪಾಸಾದವರು ಮೇಲಿನ ಹಂತಕ್ಕೆ. ಒಂದೇ ಸಲ ಸಾಲದು, ಅದು ಅದೃಷ್ಟವೂ ಆಗಿರಬಹುದು ಎಂದು ನನ್ನ ವಾದ. ಆ ವಾಕ್ಯದ ಕೆಳಗೆ ಗೆರೆ ಎಳೆದಿದ್ದೆ.

ಹೆಡ್‌ಮಾಸ್ಟರು ಎರಡು ಸಲ ಓದಿ, "ಭೇಷ್" ಎಂದರು. ಉಳಿದ ಇಬ್ಬರು ಮೇಷ್ಟ್ರುಗಳು ತಮ್ಮ ಬಿಡುವು ಹಾಳಾಗದಿದ್ದರೆ ಸರಿ ಎಂದರು. ಎರಡು ಹಂತದ ಕೆಲಸವೂ ನನ್ನ ಪಾಲಿಗೆ ಬಂತು. ಬೇಸರವಾಗಲಿಲ್ಲ. ಊರಲ್ಲಿ ನನಗೆ ಬೇರೆ ಗುರುತಿನವರೂ ಇರಲಿಲ್ಲ.

ಮೂರನೆಯ ಹಂತಕ್ಕೆ ಆರು ಮಂದಿ ಬಂದರು. ಅವರಿಗೆ ಸಿಕ್ಕ ಜಾಗ ಉಗ್ರಾಣದ ಕೋಣೆ, ಮಕ್ಕಳಿಗೆ ಹಂಚಲು ಬಂದ ಹಾಲಿನ ಪುಡಿಯ ಡಬ್ಬಗಳನ್ನು ಅಟ್ಟಿ ಹಾಕಿದ್ದ ಕಡೆ. ಒಂದೇ ವಾರದಲ್ಲಿ ಮಕ್ಕಳು ಅದಕ್ಕೆ ಹಾಲುಪುಡಿ ಕ್ಲಾಸು ಎಂದು ಹೆಸರಿಟ್ಟರು. "ಏ ಹಾಲುಪುಡಿ, ಟೀಚರ್ ತೊಟ್ಟಿಲು ಕಟ್ಟಿದ್ದಾರೆ, ಹೋಗು" ಎಂದು ಅಂಗಳದಲ್ಲಿ ಕೂಗುವುದು ನನ್ನ ಕಿವಿಗೂ ಬೀಳುತ್ತಿತ್ತು. ಅದು ತಾನಾಗಿಯೇ ನಿಲ್ಲುತ್ತದೆ ಎಂದುಕೊಂಡೆ.

ಆ ಆರು ಮಂದಿಯಲ್ಲಿ ಒಬ್ಬಳು ಎಸ್ಟೇಟಿನ ಲೈನಿನಿಂದ, ಅಂದರೆ ಆಳುಗಳ ಸಾಲುಮನೆಗಳಿಂದ, ಬರುತ್ತಿದ್ದಳು. ಅವಳ ತಾಯಿ ಹಾಸನದ ಕಡೆಯಿಂದ ಕೂಲಿಗೆ ಬಂದವಳು, ಗಂಡ ಇಲ್ಲ, ಈ ಹುಡುಗಿಯ ಕೆಳಗೆ ಇನ್ನಿಬ್ಬರು ಚಿಕ್ಕವರು. ಜೂನ್ ತಿಂಗಳಲ್ಲಿ ಆ ತಾಯಿ ಮಳೆಯಲ್ಲೇ ಶಾಲೆಗೆ ಬಂದು ನನ್ನನ್ನು ಜಗಲಿಗೆ ಕರೆಸಿದ್ದಳು.

"ಟೀಚರಮ್ಮ, ಎಸ್ಟೇಟ್ ಆಸ್ಪತ್ರೆ ನರ್ಸಮ್ಮ ಒಂದು ಮಾತು ಹೇಳವ್ರೆ. ಎಂಟನೇ ಕ್ಲಾಸು ಪಾಸಾದ್ರೆ ಮಗೀನ ಕೈಕೆಳಗೆ ಇಟ್ಕತ್ತೀನಿ ಅಂತ. ಪಾಸಾಗ್ದಿದ್ರೆ ಬರೋ ವರ್ಷ ಚೆಕ್‌ರೋಲಿಗೆ ಇವಳ ಹೆಸರು ಬರೀತಾರೆ. ನನ್ನಂಗೇ."

"ಓದಿದರೆ ಪಾಸಾಗುತ್ತಾಳೆ" ಎಂದೆ.

"ಓದ್ದಿದ್ರೆ ನಾಕು ಬಿಡಿ, ನಾನು ಕೇಳಾಕಿಲ್ಲ" ಎಂದು ನಕ್ಕಳು. ಮಗಳು ತಾಯಿಯ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಳು.

ಚೆಕ್‌ರೋಲೆಂದರೆ ಎಸ್ಟೇಟಿನ ಆಳುಗಳ ಹಾಜರಿ ಪುಸ್ತಕ. ಅದರಲ್ಲಿ ಒಮ್ಮೆ ಹೆಸರು ಬಿದ್ದವರು ಶಾಲೆಗೆ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಮೂರನೆಯ ಹಂತದವರಿಗೆಂದೇ ಒಂದು ಪುಸ್ತಕ ಇಟ್ಟಿದ್ದೆ. ಪ್ರತಿಯೊಬ್ಬರಿಗೂ ಎರಡೆರಡು ಪುಟ. ಏನು ಬರುತ್ತದೆ, ಏನು ಬರುವುದಿಲ್ಲ, ಏಕೆ. ಜುಲೈನಲ್ಲಿ ಅವಳ ಪುಟದಲ್ಲಿ ಹೀಗೆ ಬರೆದೆ: "ಭಾಗಾಕಾರ ತಿಳಿಯದು. ಬೆರಳಿಟ್ಟು ಓದುತ್ತಾಳೆ. ಕೇಳಿದರೆ ತಲೆ ತಗ್ಗಿಸುತ್ತಾಳೆ. ಮನೆಯಲ್ಲಿ ಓದನ್ನು ನೋಡಿಕೊಳ್ಳುವವರಿಲ್ಲ." ಕೊನೆಯ ವಾಕ್ಯವನ್ನು ಏಕೆ ಬರೆದೆ ಎಂದು ಈಗಲೂ ಯೋಚಿಸುತ್ತೇನೆ. ನಾನು ಅವರ ಮನೆಗೆ ಹೋಗಿರಲಿಲ್ಲ. ಬಿ.ಟಿ.ಯಲ್ಲಿ ಇಂಥ ಪುಸ್ತಕದ ಮಾದರಿ ಕೊಟ್ಟಿದ್ದರು, ಅದರಲ್ಲಿ 'ಮನೆಯ ಪರಿಸ್ಥಿತಿ' ಎಂದು ಒಂದು ಸಾಲು ಇತ್ತು. ಸಾಲನ್ನು ಖಾಲಿ ಬಿಡುವುದು ನನಗೆ ಸರಿಬರಲಿಲ್ಲ.

ಹುಡುಗಿ ಕಲಿತಳು. ಸೆಪ್ಟೆಂಬರಿನಲ್ಲಿ ಭಾಗಾಕಾರ ಬಂತು. ನವೆಂಬರಿನ ಹೊತ್ತಿಗೆ ಬೆರಳು ಪುಸ್ತಕದಿಂದ ಮೇಲೆದ್ದಿತು. ಡಿಸೆಂಬರಿನ ಒಂದು ಮಧ್ಯಾಹ್ನ ಸರಳ ಬಡ್ಡಿಯ ಲೆಕ್ಕವೊಂದನ್ನು ನನಗಿಂತ ಚಿಕ್ಕ ದಾರಿಯಲ್ಲಿ ಮಾಡಿ ತೋರಿಸಿದಳು. "ಇದು ಎಲ್ಲಿ ಕಲಿತೆ?" ಎಂದೆ. "ಸುಮ್ನೆ ಬಂತು ಟೀಚರ್" ಎಂದಳು. ಆ ಶನಿವಾರದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಇನ್ನೊಂದು ಶನಿವಾರ ಪಾಸಾದರೆ ಎರಡನೆಯ ಹಂತ.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ತಪ್ಪದೆ ಬರುವವಳು ಶನಿವಾರ ಮಾತ್ರ ಗೈರು. ಜನವರಿ ಪೂರ್ತಿ ಹೀಗೆ. ನಾನು ಪ್ರತಿ ವಾರ ಅವಳ ಪುಟದಲ್ಲಿ 'ಗೈರು' ಎಂದು ಬರೆದೆ. ಒಂದು ಸೋಮವಾರ ಕೇಳಿದೆ:

"ಶನಿವಾರ ಏಕೆ ಬರಲಿಲ್ಲ?"

"ಬರಾಕಾಗ್ಲಿಲ್ಲ ಟೀಚರ್."

"ಕಾರಣ?"

ಅವಳು ತಲೆ ತಗ್ಗಿಸಿದಳು.

"ಪರೀಕ್ಷೆಗೆ ಹೆದರಿ ತಪ್ಪಿಸಿಕೊಂಡರೆ ಪಬ್ಲಿಕ್ ಪರೀಕ್ಷೆಯ ದಿನ ಏನು ಮಾಡುತ್ತೀ?" ಎಂದೆ. ಬಾಗಿಲ ಬಳಿ ನಿಂತಿದ್ದ ಇನ್ನೊಂದು ಮಗು ಕಿಸಕ್ಕನೆ ನಕ್ಕಿತು. ಅವಳು ಲೆಕ್ಕದ ಪುಸ್ತಕ ತೆರೆದಳು. ಅವಳನ್ನು ಎರಡನೆಯ ಹಂತಕ್ಕೆ ಸೇರಿಸಲು ನನ್ನ ಪೆನ್ನಿನ ಒಂದು ಸಾಲು ಸಾಕಿತ್ತು. ಪ್ರತಿದಿನ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವ ನನಗೆ ಅವಳ ಕಲಿಕೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ನಿಯಮ ನಿಯಮವೇ ಎಂದು ಕಾದೆ.

ಫೆಬ್ರವರಿಯ ಮೊದಲ ವಾರ ಹೆಡ್‌ಮಾಸ್ಟರು ಆ ಪುಸ್ತಕವನ್ನು ಕೇಳಿದರು. ನೋಡಲಿ ಎಂದು ಸಂತೋಷದಿಂದಲೇ ಕೊಟ್ಟೆ. ಮರುದಿನ ಪಬ್ಲಿಕ್ ಪರೀಕ್ಷೆಗೆ ಕೂರುವವರ ಪಟ್ಟಿ ಗೋಡೆಗೆ ಅಂಟಿತ್ತು. ಮೊದಲ ಹಂತದವರೆಲ್ಲ ಇದ್ದರು. ಎರಡನೆಯ ಹಂತದವರೂ ಇದ್ದರು. ಮೂರನೆಯ ಹಂತದಲ್ಲಿ ಆಗ ಉಳಿದಿದ್ದ ನಾಲ್ವರಲ್ಲಿ ಒಬ್ಬರ ಹೆಸರೂ ಇರಲಿಲ್ಲ.

ನಾನು ಆಫೀಸಿನ ಕೋಣೆಗೆ ಹೋದೆ.

"ಸರ್, ಮೂರನೆಯ ಹಂತ ಇದ್ದದ್ದು ಅವರನ್ನು ಪರೀಕ್ಷೆಗೆ ತಯಾರು ಮಾಡುವುದಕ್ಕೆ."

"ಹೌದು. ತಯಾರಾದವರು ಮೇಲಕ್ಕೆ ಹೋಗಿದ್ದಾರೆ. ಆಗದವರು ಯಾರು ಅಂತ ನೀವೇ ಇಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ. ನನಗೆ ಇಷ್ಟು ವರ್ಷದಲ್ಲಿ ಇಂಥ ಸಹಾಯ ಯಾರೂ ಮಾಡಿರಲಿಲ್ಲಮ್ಮಾ."

ಅವರು ವ್ಯಂಗ್ಯವಾಡುತ್ತಿರಲಿಲ್ಲ.

ಹೊರಗೆ ಜಗಲಿಯಲ್ಲಿ ಶಾಲೆಯ ಜವಾನ ಗಂಟೆಯ ಪಕ್ಕ ಕೂತಿದ್ದ. ನಮ್ಮ ಭಾಗಮಂಡಲದ ಕಡೆಯ ಮುದುಕ, ನನ್ನೊಡನೆ ಮಾತ್ರ ನಮ್ಮ ಮನೆಮಾತಾದ ಅರೆಭಾಷೆ ಆಡುತ್ತಿದ್ದ. ನನ್ನ ಮುಖ ನೋಡಿ ವಿಷಯ ಕೇಳಿದ. ಹೇಳಿದೆ.

"ಶನಿವಾರ ಆ ಕೂಸು ಹೆಂಗೆ ಬಂದದೆ ಟೀಚರೆ?" ಎಂದ. "ಶನಿವಾರ ಎಸ್ಟೇಟ್‌ಲಿ ಪಡಿ ಕೊಡುವ ದಿನ ಅಲ್ಲನಾ? ನಿಮ್ಗೆ ಗೊತ್ತಿಲ್ಲೆನಾ?"

ನನಗೆ ಗೊತ್ತಿರಲಿಲ್ಲ. ಎಸ್ಟೇಟಿನ ಆಳುಗಳಿಗೆ ವಾರದ ಅಕ್ಕಿಯನ್ನು, ಅಂದರೆ ಪಡಿಯನ್ನು, ಶನಿವಾರ ಬೆಳಿಗ್ಗೆ ಅಳೆದು ಕೊಡುತ್ತಿದ್ದರು. ಮಳೆಗಾಲದಲ್ಲಿ ತಾಯಂದಿರೇ ಹೋಗಿ ನಿಲ್ಲುತ್ತಾರೆ. ಪಿಕ್ಕಿಂಗ್ ಶುರುವಾದರೆ ಕಾಫಿಹಣ್ಣು ಕುಯ್ಯುವುದನ್ನು ಬಿಟ್ಟು ಬರಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಮನೆಯ ದೊಡ್ಡ ಮಗು ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತದೆ. ತಡವಾಗಿ ಹೋದವರಿಗೆ ಉಳಿಯುವುದು ನುಚ್ಚು. ಕಾಫಿಯ ಸೀಮೆಯಲ್ಲಿ ಹುಟ್ಟಿ, ಕಾಫಿಯ ಸೀಮೆಯ ಶಾಲೆಯಲ್ಲಿ ಕೂತು, ಪಿಕ್ಕಿಂಗ್ ತಿಂಗಳುಗಳಲ್ಲಿ ಶನಿವಾರ ಬೆಳಿಗ್ಗೆ ಪರೀಕ್ಷೆ ಇಟ್ಟವಳು ನಾನು. ಅರ್ಧ ದಿನದ ಶಾಲೆ, ಪಾಠ ಕಡಿಮೆ, ಅನುಕೂಲ ಎಂದು ಆರಿಸಿದ ದಿನ ಅದು. ಪಟ್ಟಿಯಲ್ಲಿಲ್ಲದ ನಾಲ್ವರೂ ಲೈನಿನ ಮಕ್ಕಳೇ ಎಂಬುದು ಆಗ ನನಗೆ ಹೊಳೆಯಿತು.

ಮರುದಿನ, ಬುಧವಾರ, ನಾಲ್ವರನ್ನೂ ಉಗ್ರಾಣದಲ್ಲಿ ಕೂರಿಸಿ ಪರೀಕ್ಷೆ ಕೊಟ್ಟೆ. ಇಬ್ಬರು ಪಾಸಾದರು. ಹುಡುಗಿಗೆ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಉತ್ತರ ಪತ್ರಿಕೆಗಳನ್ನು ಹೆಡ್‌ಮಾಸ್ಟರ ಮುಂದೆ ಇಟ್ಟು ಪಡಿಯ ವಿಷಯ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಪಾಪ. ನನಗೂ ಇದು ಗೊತ್ತಿರಲಿಲ್ಲ. ಆದರೆ ಎರಡು ಶನಿವಾರ ಅಂತ ನೀವೇ ಗೆರೆ ಎಳೆದು ಬರೆದಿದ್ದೀರಿ. ಒಂದು ಸಲ ಪಾಸಾದರೆ ಅದೃಷ್ಟ ಅಂತಲೂ ನೀವೇ ಬರೆದಿದ್ದೀರಿ. ಪಟ್ಟಿ ನಿನ್ನೆಯೇ ಟಪಾಲಿಗೆ ಹೋಯಿತು. ಎಂಟನೆಯ ತರಗತಿ ಉಳಿಯಬೇಕೋ ಬೇಡವೋ?"

"ತಂತಿ ಕೊಡಬಹುದಲ್ಲ ಸರ್."

"ಏನಂತ? ನಮ್ಮ ಟೀಚರು ದಿನ ತಪ್ಪಾಗಿ ಆರಿಸಿದರು ಅಂತಲೇ?"

ನಾನು 'ಹೌದು' ಎನ್ನಬೇಕಿತ್ತು. ಅನ್ನಲಿಲ್ಲ. ಉತ್ತರ ಪತ್ರಿಕೆಗಳನ್ನು ಎತ್ತಿಕೊಂಡು ಬಂದೆ.

ಎರಡು ದಿನ ಬಿಟ್ಟು ತಾಯಿ ಬಂದಳು. ಕೆಲಸದ ನಡುವೆ ಓಡಿ ಬಂದಿದ್ದಳು, ಸೊಂಟದಲ್ಲಿ ಹಣ್ಣು ತುಂಬುವ ಚೀಲ ಹಾಗೇ ಇತ್ತು. ಹೆಡ್‌ಮಾಸ್ಟರು ನನ್ನನ್ನೂ ಒಳಗೆ ಕರೆದರು.

"ನನ್ ಮಗಳ ಹೆಸ್ರು ಯಾಕಿಲ್ಲ ಸ್ವಾಮಿ?"

"ಇಲ್ಲಿ ಯಾರೂ ಮನಸ್ಸಿಗೆ ಬಂದಂತೆ ಮಾಡಿಲ್ಲಮ್ಮಾ. ಎಲ್ಲಾ ಬರವಣಿಗೆಯಲ್ಲಿದೆ" ಎಂದು ಅವರು ಪುಸ್ತಕ ತೆರೆದರು. ನಾನು ಬರೆದದ್ದನ್ನು ನಿಧಾನವಾಗಿ, ಸ್ಪಷ್ಟವಾಗಿ ಓದಿದರು. ಭಾಗಾಕಾರ ತಿಳಿಯದು. ಬೆರಳಿಟ್ಟು ಓದುತ್ತಾಳೆ. ಮನೆಯಲ್ಲಿ ಓದನ್ನು ನೋಡಿಕೊಳ್ಳುವವರಿಲ್ಲ.

"ಅದು ಜುಲೈ ತಿಂಗಳದ್ದು" ಎಂದೆ. ನನ್ನ ಧ್ವನಿ ಸಣ್ಣದಾಗಿತ್ತು. ಇಬ್ಬರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ತಾಯಿ ಹೆಡ್‌ಮಾಸ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ನೋಡ್ಕಳೋರಿಲ್ಲ ಅಂತ ನೀವಾ ಬರ್ದಿದ್ದು ಟೀಚರಮ್ಮ? ದೀಪದ ಮುಂದೆ ದಿನಾ ಕೂರಿಸ್ಕತ್ತಿದ್ದೆ ಕಣವ್ವಾ. ನಂಗೆ ಅಕ್ಷರ ಬರಾಕಿಲ್ಲ, ಗಟ್ಟಿಯಾಗಿ ಓದು, ನಿಂತ್ರೆ ಗೊತ್ತಾಯ್ತದೆ ಅಂತಿದ್ದೆ. ನಿಂತ್ರೆ ಒಂದು ಕೊಡ್ತಿದ್ದೆ. ನಮ್ ಬಾಗ್ಲಿಗೆ ಒಂದಿನ ಬಂದಿದ್ರಾ ನೀವು?"

"ಇಲ್ಲ" ಎಂದೆ.

"ಬಾಗ್ಲಿಗೆ ಬರ್ದೇನೇ ಬರ್ದ್ರಲ್ಲ."

"ಮುಂದಿನ ವರ್ಷ ಕೂರಲಿ ಬಿಡಮ್ಮ, ಓಡಿ ಹೋಗುತ್ತದೆಯೇ ಪರೀಕ್ಷೆ?" ಎಂದರು ಹೆಡ್‌ಮಾಸ್ಟರು.

"ಪರೀಕ್ಷೆ ಓಡೋಗಾಕಿಲ್ಲ ಸ್ವಾಮಿ. ನರ್ಸಮ್ಮನ ಕೆಲ್ಸ ಓಡೋಯ್ತದೆ" ಎಂದಳು ಅವಳು. ಚೀಲವನ್ನು ಬಿಗಿಯಾಗಿ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ನಾನು ಹಿಂದೆ ಹೋಗಬಹುದಿತ್ತು. ಏನು ಹೇಳಬೇಕೆಂದು ಸರಿಯಾದ ವಾಕ್ಯ ಹುಡುಕುತ್ತ ನಿಂತುಬಿಟ್ಟೆ.

ಪರೀಕ್ಷೆಗೆ ಕೂತವರೆಲ್ಲ ಪಾಸಾದರು. ಎಂಟನೆಯ ತರಗತಿ ಉಳಿಯಿತು. ಇನ್‌ಸ್ಪೆಕ್ಟರು ಬಂದು ಹೆಡ್‌ಮಾಸ್ಟರ ಬೆನ್ನು ತಟ್ಟಿದರು. ಹೆಡ್‌ಮಾಸ್ಟರು ದೊಡ್ಡ ಮನಸ್ಸಿನಿಂದ ನನ್ನ ಕಡೆ ಕೈ ತೋರಿಸಿದರು. ಮೂರು ಹಂತದ ಕ್ರಮವನ್ನು ನಾಲ್ಕು ಪುಟದಲ್ಲಿ ಬರೆದುಕೊಡಿ, ಬೇರೆ ಶಾಲೆಗಳಿಗೂ ಕಳಿಸೋಣ ಎಂದರು ಇನ್‌ಸ್ಪೆಕ್ಟರು. ಪರೀಕ್ಷೆಯ ದಿನವನ್ನು ಊರಿನ ಕೆಲಸದ ಕ್ರಮ ನೋಡಿ ಆರಿಸಬೇಕು, ಮನೆಯ ಬಗ್ಗೆ ಮನೆಗೆ ಹೋಗದೆ ಬರೆಯಬಾರದು, ಪುಸ್ತಕವನ್ನು ಮಗುವನ್ನು ತಡೆಯಲು ಬಳಸಬಾರದು ಎಂದು ಕೊನೆಯಲ್ಲಿ ಮೂರು ಮಾತು ಸೇರಿಸಿ ಕೊಟ್ಟೆ. ಅಚ್ಚಾಗಿ ಬಂದ ಪ್ರತಿಯಲ್ಲಿ ಆ ಮೂರೂ ಇರಲಿಲ್ಲ. ಜಾಗ ಸಾಲಲಿಲ್ಲವಂತೆ.

ಜೂನಿನಲ್ಲಿ ಶಾಲೆ ತೆರೆದು ಹತ್ತು ದಿನವಾದರೂ ಹುಡುಗಿ ಬರಲಿಲ್ಲ. ಆಗ ನಾನು ಮೊದಲ ಸಲ ಎಸ್ಟೇಟಿನ ಲೈನಿಗೆ ಹೋದೆ. ಶಾಲೆಯಿಂದ ಅರ್ಧ ಗಂಟೆಯ ನಡಿಗೆ, ಅಷ್ಟೇ. ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ತೋಟದ ಕಡೆ ಕೈ ತೋರಿಸಿದಳು.

ಹೆಂಗಸರ ಸಾಲು ಕಾಫಿ ಗಿಡಗಳ ನಡುವೆ ಬಗ್ಗಿ ಕಳೆ ತೆಗೆಯುತ್ತಿತ್ತು. ಎಲ್ಲರ ತಲೆಯ ಮೇಲೂ ಕಂಬಳಿಕೊಪ್ಪೆ, ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಕೊನೆಯವಳು ತಲೆಯೆತ್ತಿದಾಗ ಗುರುತು ಸಿಕ್ಕಿತು.

"ಶಾಲೆಗೆ ಬಾ" ಎಂದೆ. "ಈ ಸಲ ಪಟ್ಟಿಯಲ್ಲಿ ನಿನ್ನ ಹೆಸರು ಮೊದಲು ಬರೆಸುತ್ತೇನೆ."

"ನರ್ಸಮ್ಮ ಬೇರೆಯವ್ರನ್ನ ಇಟ್ಕಂಡಾಯ್ತು ಟೀಚರ್. ಪಾಸಾಗಿ ಏನ್ ಮಾಡ್ಲಿ?"

"ಬೇರೆ ಕೆಲಸ ಸಿಗುತ್ತದೆ."

"ಯಾವುದು?"

ಅವಳು ಉತ್ತರಕ್ಕಾಗಿ ನನ್ನ ಮುಖ ನೋಡುತ್ತ ಕಾದಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕಾದಳು. ಆಮೇಲೆ ಮತ್ತೆ ಬಗ್ಗಿದಳು.

"ಮೇಸ್ತ್ರಿ ಬತ್ತಾವ್ರೆ ಟೀಚರ್. ನೀವು ಇಲ್ಲೇ ನಿಂತ್ರೆ ನಂಗೆ ಬೈತಾರೆ."

ನಾನು ಹೊರಟೆ.