ಬಣ್ಣ ಹಚ್ಚಿದ ಪೆಟ್ಟಿಗೆಯ ಬಾಗಿಲು

ಕಬ್ಬಿಣದ ಪೆಟ್ಟಿಗೆಗೆ ಬಣ್ಣ ಹಚ್ಚಿದ ಮೇಲೆ ಬಾಗಿಲಿನ ಅಂಚಿಗೆ ಎಲೆ ಇಡಬೇಕೆಂದು ನನಗೆ ಕಲಿಸಿದವನು ಸಿದ್ದಿ ಜನಾಂಗದ ಒಬ್ಬ ಕೂಲಿಕಾರ. ಆ ಎಲೆಗಳನ್ನು ತೆಗೆದವನು ನಾನು.

ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ಹಳಿಯಾಳದಲ್ಲಿ ಮ್ಯಾಟ್ರಿಕ್ ಮುಗಿಸಿ, ದಾಂಡೇಲಿಯ ಒಂದು ಮರ ಕೊಯ್ಯುವ ಗಿರಣಿಯಲ್ಲಿ ದಿಮ್ಮಿಗಳ ಅಳತೆ ಬರೆಯುವ ಕೆಲಸಕ್ಕಿದ್ದೆ. ಅಂಗಳದ ಕಂಬಗಳ ಮೇಲೆ ವಿದ್ಯುತ್ ಸ್ವಿಚ್ಚುಗಳನ್ನು ಮಳೆಯಿಂದ ಕಾಯುವ ಕಬ್ಬಿಣದ ಪೆಟ್ಟಿಗೆಗಳಿದ್ದವು. ಎರಡು ಮಳೆಗಾಲಕ್ಕೆ ಅವುಗಳ ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಆ ಬೇಸಿಗೆ ಅವನ್ನು ಸರಿಪಡಿಸುವ ಕೆಲಸ ನನ್ನ ಮತ್ತು ಆ ಸಿದ್ದಿಯ ಪಾಲಿಗೆ ಬಂತು.

ಅವನು ನನಗಿಂತ ಹದಿನೈದು ವರ್ಷ ದೊಡ್ಡವನು, ಉಳಿದ ದಿನಗಳಲ್ಲಿ ಗರಗಸಕ್ಕೆ ದಿಮ್ಮಿ ಒಡ್ಡುತ್ತಿದ್ದ. ನಾನು ಅವನಿಗೆ ‘ನೀ’ ಅನ್ನುತ್ತಿದ್ದೆ, ಅವನು ನನಗೆ ‘ರೀ’ ಅನ್ನುತ್ತಿದ್ದ. ಆಗ ಅದು ನನಗೆ ತಪ್ಪೆನಿಸಲಿಲ್ಲ. ನಾನು ಮೇಲೆ ಮೇಲೆ ತಿಕ್ಕಿ ಬಣ್ಣದ ಡಬ್ಬಿಗೆ ಕೈ ಹಾಕಿದರೆ ನಗುತ್ತಿದ್ದ.

“ಮಾಸ್ತರ, ತುಕ್ಕಿಗೆ ಪೌಡರ್ ಹಚ್ಚಾಕತ್ತೀರಿ. ಮೊದಲ ಅದರ ಮಾರಿ ತೊಳೀರಿ.”

ತಂತಿ ಬ್ರಷ್ಷಿನಿಂದ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜುತ್ತಿದ್ದ. ಬಣ್ಣವಾದ ಮೇಲೆ ಮುತ್ತಲ ಎಲೆಗಳನ್ನು ಸೀಳಿ, ಔಡಲ ಎಣ್ಣೆ ಸವರಿ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚುತ್ತಿದ್ದ. ಮೂರು ದಿನ ಹಾಗೇ ಇರಬೇಕು, ಇಲ್ಲದಿದ್ದರೆ ಬಾಗಿಲು ಚೌಕಟ್ಟಿಗೆ ಅಂಟಿಕೊಳ್ಳುತ್ತದೆ ಎಂದು ಹೇಳಿದ್ದ.

ಕೊನೆಯದು ಗಿರಣಿಯ ಮುಖ್ಯ ಸ್ವಿಚ್ಚಿನ ಪೆಟ್ಟಿಗೆ. ದಿನಾ ತೆಗೆಯುವಂಥದ್ದಲ್ಲ, ಆಪತ್ತು ಬಂದರೆ ಇಡೀ ಗಿರಣಿ ನಿಲ್ಲಿಸಲು ಇದ್ದದ್ದು. ಅದಕ್ಕೆ ಬಣ್ಣ ಹಚ್ಚಿದ ಮರುದಿನ ಬೆಳಗಾವಿಯಿಂದ ಮಾಲೀಕರು ಬರುವವರಿದ್ದರು. ಅಂಚಿನಿಂದ ಹೊರಗೆ ಇಣುಕುತ್ತಿದ್ದ ಎಲೆಯ ಚೂರುಗಳು ನನ್ನ ಕಣ್ಣಿಗೆ ಅಸಹ್ಯವಾಗಿ ಕಂಡವು. ಅವನು ಮನೆಗೆ ಹೋದ ಮೇಲೆ ಅವನ್ನೆಲ್ಲ ತೆಗೆದು, ಬಾಗಿಲನ್ನು ಒತ್ತಿ ಮುಚ್ಚಿ, ಸಂದಿನ ಮೇಲೆ ಇನ್ನೊಂದು ಕೈ ಬಣ್ಣ ಎಳೆದೆ. ಪೆಟ್ಟಿಗೆ ಒಂದೇ ಎರಕದಂತೆ ಕಂಡಿತು. ಮಾಲೀಕರು ಮೆಚ್ಚಿದರು. ಆಮೇಲೆ ಒಮ್ಮೆ ತೆಗೆದು ನೋಡಬೇಕೆನಿಸಿದರೂ ಅಂಚಿನ ಹೊಳಪು ಒಡೆಯುತ್ತದೆಂದು ಬಿಟ್ಟೆ.

ಐದನೆಯ ದಿನ ಅವನ ಬಲಗೈ ಗರಗಸ ತಿರುಗಿಸುವ ಪಟ್ಟಿಗೆ ಸಿಕ್ಕಿತು. ಗರಗಸದ ಸ್ವಂತ ಸ್ವಿಚ್ಚು ಒಳಗೆ, ಓಡುವ ಪಟ್ಟಿಯ ಆಚೆಗಿತ್ತು. ಹೊರಗಿನ ಮುಖ್ಯ ಸ್ವಿಚ್ಚಿನ ಪೆಟ್ಟಿಗೆ ನನ್ನಿಂದ ನಾಲ್ಕು ಹೆಜ್ಜೆ ದೂರ. ಓಡಿ ಹೋಗಿ ಹಿಡಿಕೆ ಎಳೆದೆ. ಬಾಗಿಲು ಬರಲಿಲ್ಲ. ಕಂಬಕ್ಕೆ ಕಾಲು ಕೊಟ್ಟು ಎಳೆದೆ, ಉಗುರು ಹಾಕಿದೆ. ಅವನು ಕೂಗುವುದನ್ನು ನಿಲ್ಲಿಸಿ ನನ್ನ ಕೈಗಳನ್ನೇ ನೋಡುತ್ತಿದ್ದ. ಕೊನೆಗೆ ಫಿಟ್ಟರ್ ಹಿಂದಿನಿಂದ ಸುತ್ತಿ ಬಂದು ಒಳಗಿನ ಸ್ವಿಚ್ಚು ಆರಿಸಿದ.

ಅವನನ್ನು ಲಾರಿಯಲ್ಲಿ ಧಾರವಾಡಕ್ಕೆ ಒಯ್ದರು. ಆ ಸಂಜೆ ನಾನು ಚಾಕುವಿನಿಂದ ಸಂದು ಸೀಳಿ ಬಾಗಿಲು ತೆಗೆದಿಟ್ಟೆ. ಮ್ಯಾನೇಜರು ಕೇಳಿದಾಗ, ಬಾಗಿಲು ತೆಗೆಯುವಷ್ಟರಲ್ಲಿ ಯಂತ್ರ ನಿಂತಿತು ಎಂದೆ. ಓದಿದ ಹುಡುಗನೆಂದು ನಂಬಿದರು. ನಡೆದದ್ದನ್ನು ಬರೆದು ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬರಲು ನನ್ನನ್ನೇ ಆಸ್ಪತ್ರೆಗೆ ಕಳಿಸಿದರು.

ಅವನ ಬಲ ಭುಜದ ಕೆಳಗೆ ಕೈ ಇರಲಿಲ್ಲ. ನಾನು ಮಂಚದ ಪಕ್ಕ ಕೂತೆ.

“ಆ ಎಲಿ ಯಾರ ತಗದ್ರು, ಮಾಸ್ತರ?”

“ಗಾಳಿಗೆ ಹಾರಿ ಹೋಗಿರಬೇಕು.”

“ಬಾಗಲಾ ಮುಚ್ಚಿದ ಮ್ಯಾಲ ಗಾಳಿ ಹೆಂಗ ಒಯ್ತೈತ್ರಿ?”

ನಾನು ಕಾಗದ ಬಿಚ್ಚಿದೆ. ಅಂಗಿಯ ತೋಳನ್ನು ಸಡಿಲ ಬಿಟ್ಟಿದ್ದರಿಂದ ಹೀಗಾಯಿತು, ತಪ್ಪು ನನ್ನದೇ ಎಂದು ಅವನ ಹೆಸರಿನಲ್ಲಿ ಬರೆದಿದ್ದೆ. ಗಟ್ಟಿಯಾಗಿ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿ, ಎಡಗೈ ಚಾಚಿದ. ಹೆಬ್ಬೆಟ್ಟಿಗೆ ಮಸಿ ಹಚ್ಚಿ ನಾನೇ ಹಿಡಿದು ಒತ್ತಿಸಿದೆ. ಮಸಿ ಒರೆಸಲು ಬಟ್ಟೆ ತೆಗೆದಾಗ ಮಾತ್ರ ಕೈ ಎಳೆದುಕೊಂಡ.

ಗಿರಣಿ ಅವನನ್ನು ಮತ್ತೆ ಕರೆಯಲಿಲ್ಲ. ಅವನು ಯಾರ ಮುಂದೆಯೂ ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಈಗ ಅನಿಸುತ್ತದೆ. ಆಗ ಮಾತ್ರ ಬದುಕಿದೆನೆಂದುಕೊಂಡೆ.

ಏಳೆಂಟು ವರ್ಷ ತಡೆದು, ಎಲ್ಲ ಹೇಳಿಯೇ ಬಿಡುತ್ತೇನೆಂದು ಅವನ ಊರಿಗೆ ಹೋದೆ. ಹಿಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡಿದ್ದ. ಹೆಂಡತಿ ಚಾಪೆ ಹಾಸಿ ನೀರು ಕೊಟ್ಟಳು. ಗಿರಣಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದೆವು ಅಂದೆ.

“ಬಣ್ಣದ ಮಾಸ್ತರೇನ್ರಿ ನೀವು?” ಅಂದಳು. “ಕೆಲಸಾ ಲಗೂನ ಕಲ್ತ್ರು ಅಂತಿದ್ದ.”

ಅದಕ್ಕಿಂತ ಹೆಚ್ಚು ಏನು ಹೇಳಿದ್ದನೋ ನಾನು ಕೇಳಲಿಲ್ಲ. ನೀರು ಕುಡಿದು, ಬಂದ ದಾರಿಯಲ್ಲೇ ವಾಪಸಾದೆ. ಅವಳಿಗೂ ಹೇಳಲಿಲ್ಲ.